ಮೋಟಾರಿಗೆ ಕೌದಿ ಹೊಲಿದ ಮಳೆಗಾಲ

ಹೋದ ವಾರ ಶರಣಪ್ಪ ಹೊಸ ಕಾರು ತಂದ. ಅವನು ನನ್ನ ನಾದಿನಿ ಕಾಶವ್ವನ ಮಗ. ತಲೆ ಪೂರಾ ಬೆಳ್ಳಗಾಗಿದೆ, ನೌಕರಿಯೂ ಮುಗಿದಿದೆ. ಆದರೂ ಕಾರಿನ ಬಾಗಿಲು ತೆರೆದು ನಿಂತಾಗ ಮುಖದ ಮೇಲೆ ಹಬ್ಬಕ್ಕೆ ಹೊಸ ಅಂಗಿ ತೊಟ್ಟವನ ಬಿಂಕವಿತ್ತು.

“ಮಾಮಿ, ಕಾಲು ಝಾಡಿಸ್ಕೊಂಡು ಹತ್ತು” ಎಂದ.

ಹತ್ತಿದೆ. ಸೀಟಿಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಕೂತರೆ ಪರಪರ ಸದ್ದು, ಸರಿದರೆ ಜಾರಿಕೆ. ಒಳಗೆಲ್ಲ ಅಂಗಡಿಯ ವಾಸನೆ. ಇದನ್ನು ಯಾಕೆ ತೆಗೆದಿಲ್ಲವೋ ಎಂದರೆ, “ಸೀಟು ಹೊಲಸಾಗ್ತಾವ ಮಾಮಿ” ಎಂದ. ನನಗೆ ನಗು ತಡೆಯಲಿಲ್ಲ. ನಾನು ಕಂಡ ಮೊದಲ ಕಾರಿನಲ್ಲಿ ಕುಸುಬಿ ಎಣ್ಣೆ, ಹಸಿ ಹತ್ತಿ, ಕೋಳಿ ಹಿಕ್ಕೆ ಮೂರೂ ಕೂಡಿದ ವಾಸನೆ ಇತ್ತು. ಈ ಶರಣಪ್ಪ ಅದರ ಸೀಟಿನ ಮೇಲೆ ತಾಯಿಯ ಹೊಟ್ಟೆಯಲ್ಲಿ ಕೂತು ಬಂದವನು. ಅವನಿಗೆ ಆ ವಾಸನೆ ಗೊತ್ತಿಲ್ಲವಲ್ಲ ಎಂದು ಸಂಕಟವೂ ಆಯಿತು.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಸರಸಂಬಾದಿಂದ ಆಳಂದಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಗಂಡ ಹೈದರಾಬಾದಿನಲ್ಲಿ ಕಾನೂನು ಓದುತ್ತಿದ್ದರು, ಹಬ್ಬಕ್ಕೆ ಬಂದರೆ ಬಂದರು. ಮಾವ ಆಳಂದದಲ್ಲೇ ವಕೀಲರು. ಅವರದು ಉರ್ದುವಿನಲ್ಲಿ ವಾದ, ಕನ್ನಡದಲ್ಲಿ ಊಟ, ಮರಾಠಿಯಲ್ಲಿ ಬೈಗುಳ. ಯಾವುದೋ ಜಮೀನ್ದಾರ ದೇಶಮುಖರ ವಾಡೆಯಿಂದ ಅವರು ಒಂದು ಹಳೆಯ ಮೋಟಾರು ತಂದಿದ್ದರು. ದೇಶಮುಖರ ಮನೆಯಲ್ಲಿ ಮುಪ್ಪಾದದ್ದು ನಮ್ಮ ಮನೆಗೆ ಸಾಯಲಿಕ್ಕೆ ಬಂದಿದೆ ಎಂದು ಅತ್ತೆ ಅನ್ನುತ್ತಿದ್ದರು. ಅವರು ಅದಕ್ಕೆ ಇಟ್ಟ ಹೆಸರು ‘ಸವತಿ’. ಮಾವ ಎಲ್ಲಿ ಎಂದು ಯಾರಾದರೂ ಕೇಳಿದರೆ, “ಸವತಿ ಮೈ ತೊಳ್ಯಾಕತ್ತಾರ, ತಡಾ ಆಗ್ತದ” ಎಂದು ಮುಖ ಗಂಟಿಕ್ಕಿ ಹೇಳುವರು. ತಾವು ಮಾತ್ರ ಅದರೊಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಯುದ್ಧ ಶುರುವಾದ ಮೇಲೆ ಪೆಟ್ರೋಲು ದೇವರ ಪ್ರಸಾದದ ಹಾಗೆ ಆಗಿತ್ತು. ಮಾವ ಅಲ್ಲಿ ಇಲ್ಲಿ ಹಲ್ಲು ಗಿಂಜಿ ಒಂದಿಷ್ಟು ಕೂಡಿಸಿ ಅಡಗಿಸಿಟ್ಟಿದ್ದರು. ಎಲ್ಲಿಯಾದರೂ ದೂರ ಹೋದರೆ ಒಂದು ಸಲ ಹೋಗಿಬರಲು ಸಾಕು, ಅಷ್ಟೆ. ಹೀಗಾಗಿ ಕಾರು ದನದ ಕೊಟ್ಟಿಗೆಯಲ್ಲೇ ನಿಂತಿತ್ತು. ಸೀಟಿನ ತೊಗಲು ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಚಾವಣಿಯ ಬಟ್ಟೆ ಹರಿದು ಇಳಿಬಿದ್ದು, ಕೂತವರ ತಲೆಗೆ ತಾಗುತ್ತಿತ್ತು. ಬಾಗಿಲ ಒಳಮೈಯ ರಟ್ಟು ಉಬ್ಬಿ ಕಿತ್ತುಬಂದಿತ್ತು. ಹಿಂದಿನ ಸೀಟಿನ ಕುಳಿಯಲ್ಲಿ ನೆರೆಮನೆಯ ಕೋಳಿ ಮೊಟ್ಟೆ ಇಡುತ್ತಿತ್ತು. ಡ್ರೈವರ ಗಫೂರ ದಿನಾ ಬಂದು, ಕೋಳಿ ಓಡಿಸಿ, ಮುಂದೆ ಕೂತು, ರಬ್ಬರಿನ ಉಂಡೆ ಒತ್ತಿ ಪೋಂ ಪೋಂ ಅನ್ನಿಸಿ, ಇಳಿದು ಹೋಗುವನು. ಅದು ಅವನ ಹಾಜರಿ.

ಇಂಥ ಕಾರಿನ ಮೇಲೆ ಅತ್ತೆಯ ಕಣ್ಣು ಬಿದ್ದದ್ದು ಕಾಶವ್ವನ ಸಲುವಾಗಿ.

ಕಾಶವ್ವನನ್ನು ಭೀಮಾ ದಂಡೆಯ ಮಣ್ಣೂರಿಗೆ ಕೊಟ್ಟಿತ್ತು. ಎರಡು ಸಲ ಬಸುರಾಗಿ ಎರಡೂ ಸಲ ಹೋಗಿತ್ತು. ಎರಡು ಸಲವೂ ತವರಿಗೆಂದು ಬಂಡಿ ಹತ್ತಿದವಳು, ಎರಡು ಸಲವೂ ದಾರಿಯ ಕುಲುಕಿಗೆ ಹೊಟ್ಟೆ ಹಿಡಿದುಕೊಂಡು ಅರ್ಧದಿಂದಲೇ ತಿರುಗಿ ಹೋದವಳು. ಎರಡನೆಯ ಸಲವಂತೂ ಹೊಳೆ ಬಂದು, ಹಳ್ಳಗಳು ತುಂಬಿ, ಅತ್ತೆಗೆ ಮಗಳ ಮುಖ ನೋಡಲಿಕ್ಕೂ ಆಗಿರಲಿಲ್ಲ. ಈಗ ಮೂರನೆಯದು. ನಮ್ಮ ಓಣಿಯಲ್ಲಿ ಕೈಗುಣವುಳ್ಳ ಸೂಲಗಿತ್ತಿ ಇದ್ದಳು, ಹೆಚ್ಚುಕಡಿಮೆಯಾದರೆ ಕಲಬುರ್ಗಿಯ ದವಾಖಾನೆಯೂ ದೂರವಲ್ಲ. ಮಣ್ಣೂರಿನಲ್ಲಿ ಹೊಳೆ ಬಿಟ್ಟರೆ ಹೊಳೆ. ಮಗಳು ಈ ಸಲ ತನ್ನ ಕಣ್ಣೆದುರಿಗೇ ಹೆರಬೇಕು ಎಂದು ಅತ್ತೆ ಗಟ್ಟಿ ಮಾಡಿದರು. ಬಂಡಿಯ ಮಾತೇ ಬೇಡ, ದಸರೆಗೆ ಮಳೆ ಹಿಂದಾಗಿ ದಾರಿ ಒಣಗಿದ ಕೂಡಲೆ ಮೋಟಾರು ಕಳಿಸುತ್ತೇವೆ ಎಂದು ಹೇಳಿಕಳಿಸಿದರು.

ಬೀಗತಿ ನಿಂಗವ್ವ ಅದಕ್ಕೆ ಒಪ್ಪಬೇಕಲ್ಲ. ಸುದ್ದಿ ಒಯ್ದವನು ಆಕೆಯ ಮಾತನ್ನು ನಮ್ಮ ಪಡಸಾಲೆಯಲ್ಲಿ ನಿಂತು ಹಾಗೇ ಒಪ್ಪಿಸಿದ: “ಸತ್ತ ದನದ ತೊಗಲಿನ ಮ್ಯಾಲ ನನ್ನ ಬಸರಿ ಸೊಸೀನ್ನ ಕುಂಡ್ರಸಾಂಗಿಲ್ಲ. ಲಿಂಗಾ ಕಟ್ಟಿದ ಮನಿ ನಮ್ದು. ಹೊಲಿಗಿ, ಹಾಸಗಿ ನೋಡಿ ಆಮ್ಯಾಲ ಕಳಸೂದು ಬಿಡೂದು ಹೇಳ್ತೇನಿ ಅಂದಾರ್ರಿ.”

ಮಾವ ಬೀಗತಿಯ ಮೇಲೆ ಮರಾಠಿಗೆ ಇಳಿದರು. ಅತ್ತೆ ಮಾತ್ರ ಸುಮ್ಮನೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಸಲ ಸವತಿಯ ಬಳಿಗೆ ಹೋಗಿ ಬಾಗಿಲು ತೆಗೆದರು. ಒಳಗೆ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡರು.

“ಬೀಗತಿ ಖರೇನ ಹೇಳ್ಯಾಳ. ಇದರಾಗ ಕೋಳಿ ಹೆರಬಹುದು, ನನ್ನ ಮಗಳು ಹ್ಯಾಂಗ ಕುಂಡ್ರಬೇಕು?” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀಲಾ, ಕೌದಿ ಹೊಲಿಯಾಕ ಬರ್ತದಿಲ್ಲ ನಿನಗ?” ಎಂದು ಕೇಳಿದರು.

ಕೌದಿ ಬರದ ಹೆಣ್ಣು ನಮ್ಮ ಸೀಮೆಯಲ್ಲಿ ಎಲ್ಲಿದ್ದಾಳೆ? ಹಳೆ ಸೀರೆ, ಹರಿದ ಧೋತರ, ಕುಬುಸದ ಚೂರು ಪದರಪದರವಾಗಿ ಹಾಸಿ, ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿಯುತ್ತ ಬರುವುದು. ಅದನ್ನು ನೆಲದ ಮೇಲೆ ಹಾಸಿದ್ದೆ, ಹೊದ್ದಿದ್ದೆ. ಮೋಟಾರಿಗೆ ತೊಡಿಸುವುದು ನನ್ನ ಅಜ್ಜಿಯೂ ಕನಸಿನಲ್ಲಿ ಕಂಡಿರಲಿಕ್ಕಿಲ್ಲ.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದ ದಿನ ಕೆಲಸ ಶುರುವಾಯಿತು. ಎರೆಮಣ್ಣಿನ ಮಳೆಗಾಲದಲ್ಲಿ ಕಾರು ಇರಲಿ, ಎಮ್ಮೆಯೂ ಓಣಿ ದಾಟುವುದಿಲ್ಲ. ಹಾಗಾಗಿ ಹೊತ್ತಿಗೇನೂ ಬರವಿರಲಿಲ್ಲ. ತೊಗಲು ಬಿಚ್ಚುವ ಕೆಲಸ ಗಫೂರನಿಗೆ ಬಂತು. ಅವನು ಮಗುವಿಗೆ ಕಹಿ ಮದ್ದು ಕುಡಿಸುವವನಂತೆ ಮುಖ ಮಾಡಿ ಚಾಕು ಹಾಕಿದ. ಒಳಗೆ ಸ್ಪ್ರಿಂಗಿನ ಮೇಲೆ ಕಪ್ಪು ಕೂದಲು ಉಂಡೆಉಂಡೆಯಾಗಿ ತುಂಬಿತ್ತು.

“ಇದೇನೋ ಗಫೂರ?” ಎಂದರು ಅತ್ತೆ.

“ಕುದರಿ ಬಾಲದ ಕೂದಲರಿ ಅವ್ವಾ. ಅಸಲಿ ಮಾಲು. ವಿಲಾಯತಿ.”

“ಮ್ಯಾಲ ದನದ ತೊಗಲು, ಒಳಗ ಕುದರಿ ಬಾಲ! ಇದು ಗಾಡಿನೋ, ದನದ ಸಂತಿನೋ? ತೆಗದು ಒಗಿ.”

ತೊಗಲನ್ನು ಮಾವ ಒಗೆಯಗೊಡಲಿಲ್ಲ. ಅದರಲ್ಲಿ ಗಟ್ಟಿ ಇದ್ದ ತುಂಡಿನಿಂದ ಮೆಟ್ಟು ಮಾಡಿಸಿಕೊಂಡು ಕೋರ್ಟಿಗೆ ಹಾಕಿಕೊಂಡು ಹೋದರು. ಮೋಟಾರು ಕೊಟ್ಟಿಗೆಯಲ್ಲಿದ್ದರೂ ತಾವು ಅದರ ಮೇಲೇ ಕಚೇರಿಗೆ ಹೋಗುವುದಾಗಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದರಂತೆ.

ಕೂದಲಿನ ಜಾಗಕ್ಕೆ ಹತ್ತಿ ಬೇಕು. ಹತ್ತಿ ಮನೆಯಲ್ಲೇ ಇತ್ತು, ನಮ್ಮ ಹೊಲದ್ದು. ಅದನ್ನು ಹಿಂಜಬೇಕಲ್ಲ? ಗಫೂರ ಪಿಂಜಾರರ ಮನೆಯವನು. ಅವನ ಅಪ್ಪ ಓಣಿಓಣಿ ಬಿಲ್ಲು ಹೊತ್ತು ಗಾದಿಯ ಹತ್ತಿ ಹಿಂಜುತ್ತಿದ್ದವನು. ಮೂಗಿನಲ್ಲಿ ಹತ್ತಿ ತುಂಬುವ ಆ ಕಸಬು ಬೇಡವೆಂದೇ ಇವನು ಕಲಬುರ್ಗಿಗೆ ಓಡಿಹೋಗಿ ಮೋಟಾರು ಕಲಿತಿದ್ದ. ಅತ್ತೆ ಬಿಲ್ಲು ತಾ ಎಂದಾಗ ಅವನ ಮುಖ ಸಣ್ಣದಾಯಿತು.

“ಬಿಲ್ಲು ಬಿಟ್ಟು ಸ್ಟೇರಿಂಗ್ ಹಿಡದೀನ್ರಿ ಅವ್ವಾ. ತಿರುಗಿ ಬಿಲ್ಲು ಹಿಡಸಬ್ಯಾಡ್ರಿ. ಮಂದಿ ನಗ್ತಾರ.”

“ಸ್ಟೇರಿಂಗ್ ಹಿಡದು ಎಲ್ಲಿ ಮುಟ್ಟಿದಿ? ಕೊಟ್ಟಿಗ್ಯಾಗ ಕುಂತು ಪೋಂ ಪೋಂ ಅನ್ನಾಕತ್ತಿದಿ. ಅದಕ್ಕ ನಗೂದಿಲ್ಲೇನು ಮಂದಿ?” ಎಂದ ಅತ್ತೆ, ಆಮೇಲೆ ದನಿ ತಗ್ಗಿಸಿದರು. “ನನಗಲ್ಲೋ ತಮ್ಮಾ. ಕಾಶವ್ವಗ.”

ಗಫೂರನೂ ಕಾಶವ್ವನೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಮರುದಿನ ಬಿಲ್ಲು ಹೊತ್ತು ಬಂದ. ಕೊಟ್ಟಿಗೆಯ ತುಂಬ ಠಂಯ್ ಠಂಯ್ ಸದ್ದು, ಹೊರಗೆ ಮಳೆಯ ಸದ್ದು. ಹತ್ತಿ ಹಾರಿ ದನಗಳ ಕೋಡಿಗೆ, ಅವನ ಮೀಸೆಗೆ, ನಮ್ಮ ಹುಬ್ಬಿಗೆ ಹತ್ತುತ್ತಿತ್ತು. ಕೈ ಬಿಲ್ಲಿಗೆ ಬಿದ್ದ ಮೇಲೆ ಅವನಿಗೂ ಹುರುಪು ಬಂತು. ಅಪ್ಪ ಹಾಡುತ್ತಿದ್ದ ಹಾಡು ಗುನುಗತೊಡಗಿದ. ಆ ದಿನಗಳು ನನಗೆ ಬಹಳ ಇಷ್ಟವಾಗಿದ್ದವು. ಅಲ್ಲಿಯತನಕ ಆ ಮನೆಯಲ್ಲಿ ನಾನು ತಲೆ ಮೇಲೆ ಸೆರಗು ಹೊದ್ದು ತಿರುಗುವ ನೆಂಟಳಾಗಿದ್ದೆ. ಅತ್ತೆಯ ಎದುರು ಕಾಲು ಚಾಚಿ ಕೂತು ಸೂಜಿಗೆ ದಾರ ಪೋಣಿಸಿದ ದಿನ ನನಗೆ ಅದು ನನ್ನ ಮನೆ ಅನ್ನಿಸಿತು.

ಯುದ್ಧಕ್ಕೆ ಬಟ್ಟೆಯೂ ತುಟ್ಟಿ, ಮೊಳೆಯೂ ಸಿಗದು. ಟ್ರಂಕು ತಳ ಕಂಡಿತು. ಅತ್ತೆಯ ಇಳಕಲ್ ಸೀರೆಗಳು ಸೀಟಿಗೆ ಬಂದವು. ಚಾವಣಿಗೆ ಮಾವನ ಧೋತರ. ಅದನ್ನು ಕಟ್ಟಿಗೆಯ ಪಟ್ಟಿಗೆ ಬಡಿಯಲು ಮೊಳೆ ಇಲ್ಲದೆ ಜಾಲಿಮುಳ್ಳು ಹೊಡೆದೆವು. ಬಾಗಿಲ ಒಳಮೈಗೆ ಈಚಲ ಚಾಪೆ ಕತ್ತರಿಸಿ, ಅದರ ಮೇಲೆ ಮಾವನ ಹಳೆಯ ಕರೀ ಕೋಟನ್ನು ಬಿಚ್ಚಿ ಹೊದಿಸಿದೆವು. ಕೋಟಿನ ಕಿಸೆಯನ್ನು ಹಾಗೇ ಬಿಟ್ಟಿದ್ದರಿಂದ ಬಾಗಿಲಿಗೆ ಎಲೆಅಡಿಕೆ ಇಡಲು ಜಾಗವಾಯಿತು. ಮುಂದಿನ ಕಟ್ಟಿಗೆಯ ಹಲಗೆ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಅದಕ್ಕೆ ನಾನು ದಿನಾ ಕುಸುಬಿ ಎಣ್ಣೆ ತಿಕ್ಕಿದೆ. ತಿಕ್ಕಿದಷ್ಟೂ ಅದು ಕುಡಿಯಿತು. ಕೊನೆಗೆ ಒಂದು ದಿನ ಅದರಲ್ಲಿ ನನ್ನ ಮೂಗುತಿ ಕಂಡಿತು.

ಸೀಟಿನ ಮೂಲೆಗೆ ಬಂದಾಗ ಕೌದಿ ಸೋತಿತು. ನೆಲದ ಕೌದಿಗೆ ಮೂಲೆ ಚಪ್ಪಟೆ, ಸೀಟಿನ ಮೂಲೆ ಗುಂಡು. ಎಷ್ಟು ಎಳೆದರೂ ನೆರಿಗೆ ಏಳುತ್ತಿತ್ತು. ಎರಡು ದಿನ ಬಿಚ್ಚಿ ಹೊಲಿದ ಮೇಲೆ ನನಗೆ ತಟ್ಟನೆ ಹೊಳೆಯಿತು. ಕೂಸಿನ ತಲೆಯೂ ಗುಂಡೇ ಅಲ್ಲವೆ?

“ಅತ್ತಿ, ಕುಲಾಯಿ ಹೊಲಿದಂಗ ಹೊಲಿಯೂಣ್ರಿ. ಮೂಲಿಗೊಂದು ಕುಲಾಯಿ” ಎಂದುಬಿಟ್ಟೆ.

ಅತ್ತೆಯ ಸೂಜಿ ನಿಂತಿತು. ಗಫೂರನ ಬಿಲ್ಲೂ ನಿಂತಿತು. ಕೂಸು ಹುಟ್ಟುವ ಮುನ್ನ ಕುಲಾಯಿ ಎಂದು ಊರೆಲ್ಲ ಗಾದೆ ಮಾಡಿ ನಗುವ ಮಾತು ಅದು. ಎರಡು ಸಲ ಬಸಿರು ಹೋದವಳ ತವರಿನಲ್ಲಿ ಆ ಹೆಸರೇ ಎತ್ತಬಾರದು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅತ್ತೆ ಸೀಟಿನ ಮೂಲೆಯ ನೆರಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು.

“ಹೊಲೀ. ಖರೆ ಆ ಹೆಸರು ತೆಗೀಬ್ಯಾಡ. ಮೋಟಾರದ ಟೊಪಗಿ ಅನ್ನು” ಎಂದರು.

ಟೊಪ್ಪಿಗೆ ಸರಿಯಾಗಿ ಕೂತಿತು. ನಮ್ಮ ಕೈಯಾರೆ ನಾಲ್ಕು ಕುಲಾಯಿ ಹೊಲಿದೆವು, ಯಾರೂ ಹಾಗೆ ಅನ್ನಲಿಲ್ಲ.

ಕೊನೆಯ ಮೂಲೆ ಮುಚ್ಚುವಾಗ ಕೌದಿಯ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿ ಮಲಗಿದವರಿಗೆ ನಿದ್ದೆ ಕೊಡುವುದಿಲ್ಲವೆಂದು ಅದಕ್ಕೆ ಏನಾದರೂ ಉಣ್ಣಲಿಟ್ಟೇ ಹೊಲಿಗೆ ಹಾಕುವುದು ನಮ್ಮ ಕಡೆಯ ರೂಢಿ. ನಮ್ಮ ಸರಸಂಬಾದಲ್ಲಿ ಹೋಳಿಗೆಯ ಚೂರು ಇಡುತ್ತೇವೆ ಎಂದೆ.

“ಹೋಳಗಿ ಇಟ್ರ ಇಲಿ ಬರ್ತಾವ. ಕಾಳು ಇಡು. ಕಾಳಿಗಿ ಏನೂ ಆಗಾಂಗಿಲ್ಲ” ಎಂದರು ಅತ್ತೆ.

ನೆಲದೊಳಗಿನ ಹಗೇವಿನಿಂದ ತೆಗೆದ ಜೋಳ, ಜತೆಗೆ ಗೋಧಿ, ಹೆಸರು. ಎಲ್ಲರೂ ಚಿಟಿಕೆ ಇಡುವಲ್ಲಿ ಅತ್ತೆ ಹಿಡಿಹಿಡಿ ಇಟ್ಟರು, ಒಂದೇ ಮೂಲೆಗಲ್ಲ, ನಾಲ್ಕಕ್ಕೂ. ಇದು ಕೌದಿಯ ಊಟವೂ ಹೌದು, ಮಗಳ ಉಡಿಯೂ ಹೌದು ಎಂದು ಅವರ ಲೆಕ್ಕ. ಹೊಲಿಗೆ ಮುಗಿಸಿ ಅರಿಷಿಣ ಕುಂಕುಮ ಹಚ್ಚಿ, ಯಾರಿಗೆ ಹೊಲಿದಿದೆಯೋ ಅವಳೇ ಮೊದಲು ಕೂರಬೇಕು, ಅಲ್ಲಿಯತನಕ ಒಬ್ಬರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದರು. ಬಿಳೀ ಧೋತರ ಹೊದಿಸಿಟ್ಟೆವು.

ಹೋಗಿಯೇ ಬಿಟ್ಟಿತು ಎಂದುಕೊಂಡ ಮಳೆ ಹಸ್ತ ನಕ್ಷತ್ರದಲ್ಲಿ ತಿರುಗಿ ಬಂತು. ಕೊಟ್ಟಿಗೆಯ ಮಾಳಿಗೆ ಸೋರಿತು, ಕಾರಿನ ಚಾವಣಿಯೂ ಸೋರಿತು. ನಾವು ಕಂಡದ್ದು ಧೋತರ ತೊಯ್ದದ್ದು ಮಾತ್ರ. ಬಿಸಿಲು ಬಿದ್ದ ದಿನ ಕಾರನ್ನು ಹೊರಗೆ ದಬ್ಬಿ, ಬಾಗಿಲು ತೆರೆದು ಒಣಗಿಸಿದೆವು. ಮೇಲೆ ಕೈಯಿಟ್ಟರೆ ಬೆಚ್ಚಗೆ, ಒಣಗಿದಂತೆಯೇ ಇತ್ತು. ಬೇರೆ ಧೋತರ ಹೊದಿಸಿದೆವು. ಕೌದಿಯ ಹೊಟ್ಟೆಯೊಳಗಿನ ಹತ್ತಿಯ ಯೋಚನೆ ಯಾರಿಗೂ ಬರಲಿಲ್ಲ.

ಬನ್ನಿ ಮುಡಿದ ಮರುದಿನ ಹೊರಟೆವು. ಮುಂದೆ ಗಫೂರ ಮತ್ತು ಮಾವ. ಹಿಂದೆ ಖಾಲಿ ಸೀಟು ಬಿಳೀ ಧೋತರ ಹೊದ್ದು ದೇಶಮುಖರ ಹಾಗೆ ಕೂತಿತ್ತು. ಅದರ ಕಾಲಬುಡದಲ್ಲಿ ಗೋಣಿಚೀಲ ಹಾಸಿಕೊಂಡು ನಾನೂ ಅತ್ತೆಯೂ ಕೂತಿದ್ದೆವು. ಮಾವ ಹೊರಳಿ ನೋಡಿ ನಕ್ಕಿದ್ದೇ ನಕ್ಕಿದ್ದು.

“ಸವತಿ ಮನಿಯಾಗ ನೆಲದ ಮ್ಯಾಲೇ ಜಾಗಾ ಸಿಕ್ತೇನು?” ಎಂದರು.

“ನೀವು ಮುಂದ ನೋಡ್ರಿ” ಎಂದರು ಅತ್ತೆ. ಅವರ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಮೊದಲ ಸಲ ಮೋಟಾರು ಹತ್ತಿದ ಭಯವೆಂದುಕೊಂಡೆ. ಅಫಜಲಪುರ ದಾಟಿದ ಮೇಲೂ ಬಿಡದಿದ್ದಾಗ ಅದು ಮೋಟಾರಿನ ಭಯವಲ್ಲವೆಂದು ತಿಳಿಯಿತು. ಬೀಗತಿ ಒಲ್ಲೆ ಎಂದರೆ ಮತ್ತೊಮ್ಮೆ ಬರಲು ಪೆಟ್ರೋಲಿಲ್ಲ. ಎಲ್ಲಿಂದಲೋ ಹುಳಿಹುಳಿ ಹಸಿ ವಾಸನೆ ಬರುತ್ತಿತ್ತು. ಗಫೂರನ ತಂಬಾಕಿನದಿರಬೇಕೆಂದು ಸುಮ್ಮನಾದೆ.

ಮಣ್ಣೂರಿನಲ್ಲಿ ಅರ್ಧ ಊರೇ ಕಾರಿನ ಸುತ್ತ ನಿಂತಿತು. ಕಾಶವ್ವ ತಲೆಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಮಾತ್ರ ಕಳೆಗುಂದಿತ್ತು. ಅವ್ವನನ್ನು ಕಂಡರೂ ಓಡಿ ಬರಲಿಲ್ಲ, ತನ್ನ ಅತ್ತೆ ನಿಂಗವ್ವನ ಅಪ್ಪಣೆಗೆ ಕಾದಳು. ನಿಂಗವ್ವ ಎತ್ತರದ ಹೆಂಗಸು. ತುರುಬಿನಲ್ಲಿ, ದಸರೆಗೆ ದೇವರ ಮುಂದೆ ಮಣ್ಣಿನಲ್ಲಿ ಕಾಳು ಬಿತ್ತಿ ಕೂರಿಸುವ ಘಟ್ಟದಿಂದ ಕಿತ್ತು ಮುಡಿದ ಹಳದಿ ಸಸಿಗಳು ಇನ್ನೂ ಇದ್ದವು. ಬೀಗರಿಗೆ ನೀರು ಕೊಡುವ ಮೊದಲೇ ಕಾರಿಗೆ ಬಂದಳು. ಬಾಗಿಲ ಕರೀ ಬಟ್ಟೆ ಮುಟ್ಟಿದಳು, ಚಾವಣಿ ನೋಡಿದಳು, ಹಲಗೆ ಮೂಸಿದಳು. ಆಮೇಲೆ ಧೋತರ ಹಿಡಿದು ಸರಕ್ಕನೆ ಎಳೆದಳು.

ನಾಲ್ಕೂ ಮೂಲೆಯಲ್ಲಿ ಹೊಲಿಗೆಯ ಸಂದಿನಿಂದ ಸಸಿ ಎದ್ದಿದ್ದವು. ಕತ್ತಲಲ್ಲಿ ಬೆಳೆದ ಎಳೆ ಹಳದಿ ಮೊಳಕೆಗಳು ಕುಲಾಯಿ ಹರಿದುಕೊಂಡು ತಲೆ ಹೊರಗೆ ಹಾಕಿದ್ದವು.

ಗಫೂರ “ಯಾ ಅಲ್ಲಾ” ಎಂದು ಅಲ್ಲೇ ಕುಕ್ಕರಿಸಿದ. ಮಾವನಂಥ ಮಾವ ಮೂರು ಭಾಷೆಯಲ್ಲೂ ಮೂಕರಾದರು. ಯಾರೋ ಹುಡುಗಿಯರು ಕಿಸಕ್ಕೆಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಮಳೆಗಾಲದ ಕೆಲಸ, ಕಾಶವ್ವನ ತವರು, ಎಲ್ಲ ನಾಲ್ಕು ಹಿಡಿ ಕಾಳಿನಿಂದ ಹೋಯಿತಲ್ಲ! ಅತ್ತೆ ಕಣ್ಣು ಮುಚ್ಚಿ ನಿಂತಿದ್ದರು.

“ಇದೇನ್ರಿ ಬೀಗತಿ?” ಎಂದಳು ನಿಂಗವ್ವ.

“ಕೌದಿ ಹೊಟ್ಟಿ ತುಂಬಸಿದ್ದಿವ್ರಿ. ಹಸದಿರಬಾರದು ಅಂತ… ಕಾಶವ್ವನ ಉಡಿ ಅಂತ ಒಂದೀಟು ಹೆಚ್ಚೇ ಇಟ್ಟೆ. ಮಳಿ ಸೋರಿ…” ಎಂದರು ಅತ್ತೆ.

ನಿಂಗವ್ವ ಬಗ್ಗಿ ಒಂದು ಸಸಿಯನ್ನು ಬೆರಳಿನಿಂದ ಸವರಿದಳು. ತಿರುಗಿದಾಗ ಆ ಗಟ್ಟಿ ಹೆಂಗಸಿನ ಕಣ್ಣು ತುಂಬಿದ್ದವು.

“ಎರಡೂ ಸಲ ಈ ಕೈಲೇ ಬಂಡಿ ಹತ್ತಿಸಿ ಕಳಿಸಿದ್ದೇನ್ರಿ. ಎರಡೂ ಸಲ ಬರೇ ಉಡಿಲೇ ತಿರುಗಿ ಬಂದ್ಳು. ಗಾಲಿ ಅಂದ್ರ ನನ್ನ ಎದಿ ಒಡೀತದ. ತೊಗಲು ಪಗಲು ಸುಳ್ಳ ನೆವ” ಎಂದಳು. “ಘಟ್ಟದಾಗ ಸಸಿ ಛಲೋ ಎದ್ರ ಮನಿ ತುಂಬ್ತದ ಅಂತೇವಿ. ನಮ್ಮ ಘಟ್ಟದಾಗ ಈ ವರ್ಷ ಇಷ್ಟು ಎದ್ದಿಲ್ಲ. ನಿಮ್ಮ ಮೋಟಾರದಾಗ ಎದ್ದಾವ.”

ನಾಲ್ಕು ಸಸಿ ಕಿತ್ತು ಸೊಸೆಯನ್ನು ಕರೆದು ಅವಳ ಹೆರಳಿಗೆ ಮುಡಿಸಿದಳು. ಆಗ ಕಾಶವ್ವ ಅವ್ವನನ್ನು ತಬ್ಬಿಕೊಂಡು ಅತ್ತಳು. ಅತ್ತೆಯೂ ಅತ್ತರು, ನನಗೂ ಅಳು ತಡೆಯಲಿಲ್ಲ. ಗಫೂರ ಮಾತ್ರ ಹೊಲಿಗೆ ಎಷ್ಟು ಕಿತ್ತಿದೆ ಎಂದು ಪರೀಕ್ಷೆ ಮಾಡುತ್ತಿದ್ದ.

ಮರುದಿನ ಉಡಿ ತುಂಬಿ ಹೊರಡುವಾಗ ನಿಂಗವ್ವ ತಾನೂ ಗಂಟು ಹಿಡಿದು ಬಂದು ನಿಂತಳು. ಈ ಸಲ ಒಬ್ಬಳನ್ನೇ ಕಳಿಸುವುದಿಲ್ಲವಂತೆ. ಕಾಶವ್ವ ಮೊದಲು ಕೂತಳು. ಅವಳ ಎರಡೂ ಮಗ್ಗುಲಿಗೆ ಇಬ್ಬರು ಬೀಗತಿಯರು ಕೂತು, ನಾಲ್ಕು ಕೈಗಳಿಂದ ಅವಳ ಹೊಟ್ಟೆಯನ್ನು ಹಿಡಿದರು. ನನಗೆ ಮತ್ತೆ ಗೋಣಿಚೀಲವೇ ಗತಿ. “ಸಾವಕಾಶ ಗಫೂರ” ಎಂದು ಒಬ್ಬರು, “ತಗ್ಗು ಅದ ನೋಡೋ” ಎಂದು ಇನ್ನೊಬ್ಬರು. ಅವರ ಮಾತು ಕೇಳಿ ಗಫೂರ ಎತ್ತಿನ ಬಂಡಿಗಿಂತ ನಿಧಾನ ಓಡಿಸಿದ. ಒಂದೆರಡು ಬಂಡಿಗಳು ನಮ್ಮನ್ನು ಹಿಂದೆ ಹಾಕಿಯೂ ಹೋದವು. ಆಳಂದದ ಅಗಸಿ ಕಂಡಾಗ ಕಾಶವ್ವ ಇಬ್ಬರ ನಡುವೆ ನಿದ್ದೆ ಹೋಗಿದ್ದಳು.

ಗಂಡು ಹುಟ್ಟಿದ್ದು ಚಳಿ ಬಿದ್ದ ಮೇಲೆ, ಒಂದು ಬೆಳಗ್ಗೆ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ. ಒಳಗಿನಿಂದ ಅಳು ಕೇಳಿದ್ದೇ ಗಫೂರ ಕೊಟ್ಟಿಗೆಗೆ ಓಡಿ ಪೋಂ ಪೋಂ ಶುರುಮಾಡಿದ. ಬಾಣಂತಿ ಮನೆ, ಸದ್ದು ಮಾಡಬೇಡ ಎಂದು ಬಯ್ಯಲು ಹೋದ ಅತ್ತೆ ತಾವೇ ಆ ರಬ್ಬರಿನ ಉಂಡೆ ಒತ್ತಿ ಬಂದರು. ಮುಂದೆ ಕಾರು ಹೋಯಿತು, ಯಾರು ಒಯ್ದರೋ ನೆನಪಿಲ್ಲ. ಕೌದಿಯನ್ನು ಮಾತ್ರ ಬಿಚ್ಚಿಕೊಂಡೆವು. ತೊಟ್ಟಿಲಿಗೆ ಅದನ್ನೇ ಹಾಸಿದೆವು. ಆ ಮೂಲೆಗಳನ್ನು ಕುಲಾಯಿ ಎಂದು ಬಾಯ್ತುಂಬ ಕರೆದದ್ದು ಆವಾಗಲೇ.

ಈಗ ಮಾವನಿಲ್ಲ, ಅತ್ತೆಯಿಲ್ಲ, ನಿಂಗವ್ವನಿಲ್ಲ, ಗಫೂರನಿಲ್ಲ. ಹೋದ ವರ್ಷ ಕಾಶವ್ವನೂ ಹೋದಳು. ಆ ಕಾರಿನಲ್ಲಿ ಕೂತವರಲ್ಲಿ ಉಳಿದದ್ದು ನಾನು ಮತ್ತು ಈ ಶರಣಪ್ಪ.

ಅವನು ಇಂಜಿನ್ನಿನ ಗುಣಗಾನ ಮಾಡುತ್ತಿದ್ದ. ನಾನು ಇಳಿದು ಅಡುಗೆಮನೆಗೆ ಹೋಗಿ ಒಂದು ಹಿಡಿ ಜೋಳ ತಂದೆ. ಹಿಂದಿನ ಸೀಟಿನ ಮೂಲೆಯ ಪ್ಲಾಸ್ಟಿಕ್ಕನ್ನು ಎತ್ತಿ ಒಳಗೆ ಸುರಿಯಹೋದೆ. ಬಯ್ಯುತ್ತಾನೆ ಎಂದುಕೊಂಡಿದ್ದೆ. ಆದರೆ ಆ ಕೌದಿಯ ಕತೆಯನ್ನು ಅವನು ಅವ್ವನ ಬಾಯಿಂದ ಎಷ್ಟು ಸಲ ಕೇಳಿದ್ದನೋ. ಅವನು ಬಗ್ಗಿ, ಆ ಪ್ಲಾಸ್ಟಿಕ್ಕನ್ನು ಒಂದು ತುದಿಯಿಂದ ಹಿಡಿದು ಪರ್ರನೆ ಪೂರಾ ಹರಿದು ತೆಗೆದ.

“ಮೊಳೆತ್ರ ಏನ್ ಮಾಡ್ಲಿ ಮಾಮಿ?” ಎಂದ. ದನಿ ಅವರವ್ವನದೇ.

“ಮೊಳೀಲಿ ಬಿಡು. ನೀನೂ ಹಂಗ ಬಂದಾಂವ” ಎಂದೆ.